ಜ್ಞಾನವೂ ಪರಿಗ್ರಹವಾಗಬಲ್ಲದೇ?

ಸಂಪತ್ತನ್ನು ಕೂಡಿಟ್ಟುಕೊಳ್ಳುವುದು ಪರಿಗ್ರಹವೆಂಬುದನ್ನು ನಾವೆಲ್ಲರೂ ಬಲ್ಲೆವು. ವಿದ್ಯೆಯ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ. ಶಾಲೆಯೊಂದನ್ನು ಕಟ್ಟಿಸಿದೊಡನೆ ವಿದ್ಯಾದಾನ ಪೂರ್ಣವಾಯಿತೆಂದು ಸಮಾಧಾನಪಡುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಹಲವು ವರ್ಷಗಳ ಹಿಂದೆ, ನಾನು ಆಡಳಿತ ಮಂಡಳಿಯ ಸದಸ್ಯನಾಗಿದ್ದ ಶಾಲೆಯೊಂದಕ್ಕೆ ವಿಜ್ಞಾನದ ಉಪಕರಣಗಳನ್ನು ಕೊಂಡೆವು. ರಸೀದಿಗಳನ್ನು ನಾನೇ ತಾಳೆ ನೋಡಿ ಸಹಿ ಮಾಡಿದೆ. ಎರಡು ವರ್ಷಗಳ ತರುವಾಯ ನೋಡಿದಾಗ ಒಂದು ಉಪಕರಣವೂ ಒಡೆದಿರಲಿಲ್ಲ. ಏಕೆಂದರೆ ಗಾಜಿನ ಬೀರುವಿನ ಬೀಗವನ್ನು ಯಾರೂ ತೆಗೆದಿರಲಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು, ಕರ್ತವ್ಯ ತಪ್ಪಿತ್ತು.

ಈ ಸಂದರ್ಭದಲ್ಲಿ ಮಧ್ಯಪ್ರದೇಶದ ಒಂದು ಪ್ರಯತ್ನವು ಮನನಯೋಗ್ಯವಾಗಿದೆ. ಈಗ ನರ್ಮದಾಪುರಂ ಎನಿಸಿರುವ ಹೋಶಂಗಾಬಾದ್ ಜಿಲ್ಲೆಯಲ್ಲಿ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು 1972ರಲ್ಲಿ 16 ಗ್ರಾಮೀಣ ಶಾಲೆಗಳ 6ರಿಂದ 8ನೆಯ ತರಗತಿಗಳಲ್ಲಿ ಹೊಸ ಬಗೆಯ ವಿಜ್ಞಾನ ಶಿಕ್ಷಣವನ್ನು ಆರಂಭಿಸಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ವ್ಯಾಪಿಸಿತು. 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು. ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಹಳ್ಳಿಯ ಉಪಾಧ್ಯಾಯರೊಡನೆ ಕುಳಿತು ಪಾಠಗಳನ್ನು ರೂಪಿಸಿದರು. ಮಕ್ಕಳು ನಾಲ್ವರ ಗುಂಪುಗಳಲ್ಲಿ ಪ್ರಯೋಗ ಮಾಡಿದರು, ಹೊಲಗಳಲ್ಲಿ ಅಲೆದು ಎಲೆ, ಮಣ್ಣು, ಬೆಳೆಗಳನ್ನು ಕಂಡರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು. ದುಬಾರಿ ಉಪಕರಣಗಳಿಗಾಗಿ ಕಾಯಲಿಲ್ಲ. ಅಲ್ಲಿಗೆ ಬಂದಿದ್ದ ಎಂಜಿನಿಯರ್ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದ ರೇಖಾಗಣಿತದ ಆಕೃತಿಗಳನ್ನು ಕಟ್ಟಿ ತೋರಿಸಿದರು.

ಶಾಲೆಯ ಬಾಗಿಲು ಹೀಗೆ ತೆರೆದಾಗ ಊರಿನವರು ಕೇವಲ ವಾರ್ಷಿಕೋತ್ಸವದ ಅತಿಥಿಗಳಾಗಿ ಉಳಿಯುವುದಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಿತ್ತನೆಗೆ ಮುನ್ನ ಮಕ್ಕಳು ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವೆಷ್ಟೆಂದು ಎಣಿಸಲಿ. ಯಾವ ಹದದಲ್ಲಿ ಬಿತ್ತಬೇಕೆಂಬುದನ್ನು ರೈತನು ಹೇಳಲಿ. ರೈತನ ಅನುಭವಕ್ಕೆ ಎಣಿಕೆಯೂ, ಮಕ್ಕಳ ಎಣಿಕೆಗೆ ಅನುಭವವೂ ಜೊತೆಯಾಗುವುವು. ಹಿರಿಯರು ನುಡಿದುದೆಲ್ಲ ಸತ್ಯವೆಂದಲ್ಲ, ಪುಸ್ತಕದಲ್ಲಿರುವುದೆಲ್ಲ ಊರಿಗೆ ಹೊಂದುವುದೆಂದೂ ಅಲ್ಲ; ಎರಡೂ ಪರೀಕ್ಷೆಗೆ ಒಳಪಡಬೇಕು.

ಆದರೆ ನೂರರಲ್ಲಿ ನಲವತ್ತೇ ಮೊಳೆತರೆ? ಬೀಜ ಮಾರಿದ ವರ್ತಕನು ಅದೇ ಶಾಲೆಯ ದಾನಿಯಾಗಿದ್ದರೆ? ನಿಜವಾದ ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ದಾನ ಕೊಟ್ಟವನು ಮಕ್ಕಳ ಎಣಿಕೆಯನ್ನು ಮುಚ್ಚಿಡುವಂತೆ ಬಯಸಿದರೆ ಆತನು ಕೊಟ್ಟದ್ದು ದಾನವಲ್ಲ, ಮೌನದ ಬೆಲೆ. ವ್ಯಾಪಾರಿಯಾದ ನಾನು ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ. ಜ್ಞಾನವನ್ನು ಹಂಚುವುದೆಂದರೆ ನಮ್ಮನ್ನೂ ಪರೀಕ್ಷಿಸುವ ಅಧಿಕಾರವನ್ನು ಹಂಚುವುದು.

ಹೋಶಂಗಾಬಾದಿನ ಕಾರ್ಯಕ್ರಮವನ್ನು ಮೂವತ್ತು ವರ್ಷಗಳ ನಂತರ, 2002ರಲ್ಲಿ, ರಾಜ್ಯ ಸರ್ಕಾರವು ನಿಲ್ಲಿಸಿತು. ಇಂತಹ ಪ್ರಯತ್ನಗಳೆದುರು ಒಂದು ಆತಂಕ ಸದಾ ಇರುತ್ತದೆ: ಬೇರೆ ಮಕ್ಕಳು ಉತ್ತರಗಳನ್ನು ಕಂಠಪಾಠ ಮಾಡುತ್ತಿರುವಾಗ ನಮ್ಮ ಮಕ್ಕಳು ಪ್ರಶ್ನೆ ಕೇಳುತ್ತ ಹಿಂದುಳಿದಾರೇ? ಹಾಗೆ ಹೆದರುವ ತಾಯಿತಂದೆಯರು ತಪ್ಪಿತಸ್ಥರಲ್ಲ. ಅವರ ಭಯವನ್ನು ಗೌರವಿಸಬೇಕು. ಅದಕ್ಕೆ ಉಪದೇಶವು ಉತ್ತರವಾಗದು. ಮಗು ಏನನ್ನು ಕಲಿಯುತ್ತಿದೆಯೆಂಬುದನ್ನು ತಾಯಿತಂದೆಯರು ಅಂಕಪಟ್ಟಿಯಲ್ಲಲ್ಲದೆ ಕಣ್ಣಾರೆ ಕಾಣುವಂತಾಗಬೇಕು.

ಶಾಲೆಗಳನ್ನು ನಡೆಸುವ ವಿಶ್ವಸ್ಥ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಸಂಜೆ ಪ್ರಯೋಗಶಾಲೆಯನ್ನು ಊರಿಗೆ ತೆರೆಯಿರಿ. ರೈತ, ಕುಂಬಾರ, ದಾದಿ, ಯಂತ್ರ ರಿಪೇರಿಯವನು ಮಕ್ಕಳೊಡನೆ ಕುಳಿತುಕೊಳ್ಳಲಿ. ಬೀರುವಿನ ಕೀಲಿಕೈ ಉಪಾಧ್ಯಾಯರ ಬಳಿ ಇರಲಿ. ಗಾಜಿನ ನಳಿಕೆಯೊಂದು ಒಡೆದರೆ ಅದನ್ನು ನಷ್ಟದ ಬಾಬಿಗೆ ಸೇರಿಸದೆ, ವಿದ್ಯೆಯ ಬಾಬಿಗೆ ಖರ್ಚು ಬರೆಯಿರಿ. ಆ ಲೆಕ್ಕಕ್ಕೆ ನಾನು ಸಂತೋಷದಿಂದ ಸಹಿ ಮಾಡುವೆನು.