ನೋವಿಗೆ ಎಷ್ಟು ನಿಮಿಷ?

ನಲವತ್ತು ನಿಮಿಷದೊಳಗೆ ಮುಗಿದರೆ ಕಿರುಚಿತ್ರ, ದಾಟಿದರೆ ಕಥಾಚಿತ್ರ. ಅಮೆರಿಕದ ಆಸ್ಕರ್ ಪ್ರಶಸ್ತಿಯವರು ಹಾಕಿಕೊಂಡಿರುವ ಗೆರೆ ಇದು. ಗೆರೆ ಹಾಕುವ ಕಸುಬು ನಮಗೇನೂ ಹೊಸದಲ್ಲ. ಊರಿಗೂ ಕೇರಿಗೂ ನಡುವೆ ಇರುವುದೂ ಒಂದು ಗೆರೆಯೇ. ಆದರೆ ಗಡಿಯಾರ ನೋಡಿ ಹೇಳುವ ವ್ಯತ್ಯಾಸ ನಿಜವಾದ ವ್ಯತ್ಯಾಸವಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಒಬ್ಬ ಮನುಷ್ಯನ ಬದುಕನ್ನು ತೆರೆಯ ಮೇಲೆ ತರುವಾಗ ಅವನಿಗೆ ಎಷ್ಟು ಹೊತ್ತು ಕೊಡಬೇಕು? ಅದನ್ನು ತೀರ್ಮಾನ ಮಾಡುವವರು ಯಾರು?

ಸಿನಿಮಾ ಹುಟ್ಟಿದ್ದೇ ಕಿರಿದಾಗಿ. 1895ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಲೂಮಿಯೇರ್ ಸೋದರರು ತಮ್ಮದೇ ಕಾರ್ಖಾನೆಯ ಬಾಗಿಲ ಮುಂದೆ ಕ್ಯಾಮೆರಾ ಇಟ್ಟರು. ಕೆಲಸ ಮುಗಿಸಿ ಹೊರಬರುವ ಕೂಲಿಗಾರರನ್ನು ಚಿತ್ರಿಸಿದರು. ಒಂದು ನಿಮಿಷ ಕೂಡ ಇಲ್ಲದ ಚಿತ್ರ. ಜಗತ್ತಿನ ಮೊಟ್ಟಮೊದಲ ಸಿನಿಮಾಗಳಲ್ಲಿ ಒಂದಾದ ಅದರಲ್ಲಿ ರಾಜರಿಲ್ಲ, ದೇವರಿಲ್ಲ, ದುಡಿಯುವ ಹೆಂಗಸರು ಗಂಡಸರು ಇದ್ದಾರೆ. ಸಂತೋಷವೇ. ಆದರೆ ಕ್ಯಾಮೆರಾ ಮಾತ್ರ ಯಜಮಾನನದು! ಬಾಗಿಲಿನ ಒಳಗೆ ಎಷ್ಟು ಹೊತ್ತು ದುಡಿದರು, ಎಷ್ಟು ಕೂಲಿ ಸಿಕ್ಕಿತು ಎನ್ನುವುದು ಕಾಣೋದಿಲ್ಲ. ಕಿರುಚಿತ್ರದ ಶಕ್ತಿ, ಮಿತಿ ಎರಡೂ ಆ ಬಾಗಿಲಲ್ಲೇ ಇವೆ. ಏನಾಯಿತು ಎನ್ನುವುದನ್ನು ಅದು ಕಣ್ಣಿಗೆ ರಾಚುವಂತೆ ತೋರಿಸಬಲ್ಲದು. ಯಾಕಾಯಿತು ಎಂದು ಒಳಗೆ ಹೋಗಿ ನೋಡಲು ಅದಕ್ಕೆ ಪುರುಸೊತ್ತು ಕಡಿಮೆ.

ಹಾಗಾದರೆ ಉದ್ದದ ಸಿನಿಮಾಕ್ಕೆ ಪುರುಸೊತ್ತಿದೆಯೇ? ಇದೆ. ಆದರೆ ಆ ಪುರುಸೊತ್ತು ದುಡ್ಡಿನದು. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರ ಅಂದರೆ 13,500 ಅಡಿ. ಕತ್ತರಿಸಿ ಬಿಸಾಡಿದ್ದು ಬೇರೆ. ಅಷ್ಟು ಅಡಿ ನೆಲ ಇಲ್ಲದವರು ಅಷ್ಟು ಅಡಿ ಫಿಲಂ ಕೊಳ್ಳುವುದೆಲ್ಲಿ ಬಂತು? ಚೋಮನ ಕಥೆಯನ್ನು ಬರೆದವರೂ, 1975ರಲ್ಲಿ ಅದನ್ನು ತೆರೆಗೆ ತಂದವರೂ ಚೋಮನ ಕೇರಿಯವರಲ್ಲ. ಅದು ಅವರ ದೋಷ ಅಂತ ಹೇಳುತ್ತಿಲ್ಲ. ಕೇರಿಗೂ ಕ್ಯಾಮೆರಾಕ್ಕೂ ನಡುವೆ ಎಷ್ಟು ದೂರ ಇತ್ತು ಎಂಬುದಕ್ಕೆ ಇದು ಸಾಕ್ಷಿ. ದುಡ್ಡು ಹಾಕಿದವನು ದುಡ್ಡು ವಾಪಸ್ ಕೇಳುತ್ತಾನೆ. ಅದಕ್ಕೇ ಹಾಡು, ಹೊಡೆದಾಟ, ಇಂಟರ್‌ವಲ್, ಕೊನೆಗೊಂದು ಸಮಾಧಾನ. ಇಂಥ ಎಷ್ಟೋ ಸಿನಿಮಾಗಳಲ್ಲಿ ನಮ್ಮವನಿಗೆ ಸಿಕ್ಕಿದ್ದು ಕೈಕಟ್ಟಿ ನಿಂತು 'ಅಪ್ಪಣೆ ಬುದ್ಧೀ' ಅನ್ನುವಷ್ಟು ಹೊತ್ತು. ಸಿನಿಮಾ ಉದ್ದವಾದ ಮಾತ್ರಕ್ಕೆ ಮನುಷ್ಯನಿಗೆ ಜಾಗ ಸಿಕ್ಕಂತಲ್ಲ.

ಈಗ ಮೊಬೈಲಿನಲ್ಲೇ ಚಿತ್ರ ತೆಗೆಯಬಹುದು. ಕಾಲೇಜಿನ ಹುಡುಗ ಹುಡುಗಿಯರು ಹತ್ತು ನಿಮಿಷದ ಚಿತ್ರ ಮಾಡುತ್ತಿದ್ದಾರೆ. ಫಿಲಮ್ಮಿನ ಬೇಲಿ ಮುರಿದಿದೆ. ಆದರೆ ಇಲ್ಲೇ ಒಂದು ಅಪಾಯವೂ ಇದೆ, ಗೆಳೆಯರೇ. ಹತ್ತೇ ನಿಮಿಷ ಇದೆಯೆಂದು ನಾವೇ ನಮ್ಮವರ ಮೇಲೆ ಬಿದ್ದ ಏಟನ್ನಷ್ಟೇ ತೋರಿಸುತ್ತೇವೆ. ನೀರು ಮುಟ್ಟಿದ, ಹೊಡೆದರು. ಪ್ರೀತಿಸಿದಳು, ಕೊಂದರು. ಗಾಯ ಕಾಣುತ್ತದೆ, ಗಾಯಗೊಂಡವನು ಕಾಣುವುದಿಲ್ಲ. ಅವನು ಹೇಗೆ ನಗುತ್ತಿದ್ದ, ಯಾವ ಕೆಲಸದಲ್ಲಿ ಅವನ ಕೈ ಪಳಗಿತ್ತು, ಹೆಂಡತಿಯೊಂದಿಗೆ ಯಾತಕ್ಕೆ ಜಗಳ ಆಡುತ್ತಿದ್ದ, ಯಾವುದೂ ಗೊತ್ತಾಗೋದಿಲ್ಲ. ನೋಡಿದ ಸವರ್ಣ ಪ್ರೇಕ್ಷಕ 'ಅಯ್ಯೋ ಪಾಪ' ಎಂದು ಎದ್ದು ಹೋಗುತ್ತಾನೆ. ಅವನ ಹತ್ತು ನಿಮಿಷ ಖರ್ಚಾಯಿತು, ಅವನ ಜಾತಿ ಖರ್ಚಾಗಲಿಲ್ಲ.

ಹಾಗಂತ ಕಿರಿದು ಯಾವತ್ತೂ ಸಾಲದು ಅನ್ನಲೂ ಆಗದು. ಪ್ರೇಮಚಂದರ ಕಥೆಯನ್ನು ಆಧರಿಸಿ 1981ರಲ್ಲಿ ಸತ್ಯಜಿತ್ ರಾಯ್ ದೂರದರ್ಶನಕ್ಕಾಗಿ ಮಾಡಿದ 'ಸದ್ಗತಿ' ಒಂದು ಗಂಟೆಯೂ ಇಲ್ಲ. ಆಸ್ಕರಿನವರ ಗೆರೆ ದಾಟಿದರೂ ನಮ್ಮ ಚಿತ್ರಮಂದಿರದ ಲೆಕ್ಕದಲ್ಲಿ ಅದು ಕಿರಿದೇ. ಮಗಳ ನಿಶ್ಚಯಕ್ಕೆ ಒಳ್ಳೆಯ ದಿನ ಕೇಳಲು ಹೋದ ದುಖಿಯನ್ನು ಬ್ರಾಹ್ಮಣ ಬಿಟ್ಟಿ ದುಡಿಸಿಕೊಳ್ಳುತ್ತಾನೆ. ಹಸಿದ ಹೊಟ್ಟೆಯಲ್ಲಿ ದೊಡ್ಡ ಕೊರಡನ್ನು ಸೀಳುತ್ತಾ ದುಖಿ ಸತ್ತು ಬೀಳುತ್ತಾನೆ. ಮುಟ್ಟಬಾರದ ಹೆಣವನ್ನು ಬ್ರಾಹ್ಮಣ ಹಗ್ಗ ಹಾಕಿ ಎಳೆದೊಯ್ಯುತ್ತಾನೆ. ಇಲ್ಲಿ ರಾಯ್ ಹೊತ್ತು ಕೊಟ್ಟದ್ದು ಸಾವಿಗಲ್ಲ, ಕೊಡಲಿಗೆ. ಒಂದೊಂದು ಏಟೂ ನಮ್ಮ ರಟ್ಟೆಗೆ ತಾಗುತ್ತದೆ. ಕೆಲಸವನ್ನು ಕಂಡೆವು, ಅದಕ್ಕೇ ಕೊಲೆಯನ್ನೂ ಕಂಡೆವು.

ಸೊಲ್ಲಾಪುರ ಜಿಲ್ಲೆಯ ವಡ್ಡರ ಸಮುದಾಯದಿಂದ ಬಂದ ನಾಗರಾಜ ಮಂಜುಳೆ ಮೊದಲು ಮಾಡಿದ್ದು 'ಪಿಸ್ತುಲ್ಯಾ' ಎಂಬ ಕಿರುಚಿತ್ರ, ಶಾಲೆಗೆ ಹಂಬಲಿಸುವ ಬಡ ಹುಡುಗನದು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆಮೇಲೆ 2013ರಲ್ಲಿ ಪೂರ್ಣ ಪ್ರಮಾಣದ 'ಫಂಡ್ರಿ'. ಅದರಲ್ಲಿ ಹುಡುಗ ಜಬ್ಯಾ ಕಪ್ಪು ಗುಬ್ಬಿಯ ಬೆನ್ನು ಹತ್ತಿ ಅಲೆಯುತ್ತಾನೆ, ಮೇಲ್ಜಾತಿಯ ಹುಡುಗಿಯನ್ನು ಕಂಡು ಕನಸು ಕಾಣುತ್ತಾನೆ, ಜಾತ್ರೆಯಲ್ಲಿ ಕುಣಿಯಲು ಆಸೆಪಡುತ್ತಾನೆ. ಕೊನೆಗೆ ಇಡೀ ಊರು ನಗುತ್ತಿರುವಾಗ ಮನೆಯವರ ಜೊತೆ ಹಂದಿ ಹಿಡಿಯಬೇಕಾಗುತ್ತದೆ. ಅವನು ಎಸೆದ ಕಲ್ಲು ಕ್ಯಾಮೆರಾದ ಕಡೆಗೇ, ಅಂದರೆ ನಮ್ಮ ಕಡೆಗೇ ಬರುತ್ತದೆ. ಬರಿಯ ಆ ಕಲ್ಲನ್ನೇ ಎರಡು ನಿಮಿಷದಲ್ಲಿ ತೋರಿಸಿದ್ದರೆ 'ಪುಂಡ ಹುಡುಗ' ಅನ್ನುತ್ತಿದ್ದರು. ಒಂದೂವರೆ ಗಂಟೆ ಅವನ ಆಸೆಗಳ ಜೊತೆ ನಡೆದವರಿಗೆ ಮಾತ್ರ ಆ ಕಲ್ಲಿನ ತೂಕ ಗೊತ್ತು. ಸಿಟ್ಟಿಗೆ ಕಾರಣ ಬೇಕು, ಕಾರಣಕ್ಕೆ ಹೊತ್ತು ಬೇಕು.

ಈ ವಿವೇಕ ನಮ್ಮವರಿಗೆ ಮೊದಲೇ ಇತ್ತು. ರಾಗಿ ಬೀಸುವ ಅವ್ವಂದಿರಿಗೆ ಮೂರು ಸಾಲಿನ ತ್ರಿಪದಿ ಸಾಕಾಗಿತ್ತು. ಕಲ್ಲಿನ ಸುತ್ತಿಗೆ, ಉಸಿರಿನ ಅಳತೆಗೆ ಅದು ಸರಿಹೊಂದುತ್ತಿತ್ತು. ಅದೇ ಜನ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರ ಬಾಯಲ್ಲಿ ಬೆಳಗಾಗುವ ತನಕ ಕೂತು ಕೇಳಿದರು. ಇದು ಸಣ್ಣದು ಅದು ದೊಡ್ಡದು ಅಂತ ಯಾರೂ ಪಟ್ಟ ಕಟ್ಟಲಿಲ್ಲ. ಅಳತೆ ಹುಟ್ಟಿದ್ದು ಬದುಕಿನಿಂದ, ಮಾರುಕಟ್ಟೆಯಿಂದಲ್ಲ.

ನಮಗೆ ಮಾತ್ರ ಯಾವಾಗಲೂ 'ಬೇಗ ಹೇಳಿ ಮುಗ್ಸು' ಅಂದರು. ಕಚೇರಿಯ ಬಾಗಿಲಲ್ಲಿ, ಗೌಡನ ಜಗಲಿಯ ಕೆಳಗೆ, ಅರ್ಜಿ ಹಿಡಿದು ನಿಂತಾಗಲೆಲ್ಲ ಅದೇ ಮಾತು. ಆದ್ದರಿಂದ ಕಿರುಚಿತ್ರ ಮಾಡುವ ಗೆಳೆಯರು ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕು. ಇದು ಕಿರಿದಾಗಿರುವುದು ವಸ್ತು ಕೇಳಿದ್ದರಿಂದಲೋ, ಅಥವಾ 'ಬೇಗ ಮುಗ್ಸು' ಅನ್ನುವ ಆ ದನಿ ನಮ್ಮೊಳಗೂ ಕೂತಿರುವುದರಿಂದಲೋ? ವಸ್ತು ಕೇಳಿದ್ದಾದರೆ ಐದೇ ನಿಮಿಷ ಸಾಕು, ಮಾಡಿ. ಆ ಐದರಲ್ಲಿ ಒಂದು ನಿಮಿಷವನ್ನಾದರೂ ಏಟಿಗಲ್ಲ, ಏಟು ತಿಂದವನ ನಗುವಿಗೆ, ದುಡಿಮೆಗೆ ಮೀಸಲಿಡಿ. ಹೆಚ್ಚು ಹೊತ್ತು ಬೇಕಾದರೆ ಅಂಜದೆ ಕೇಳಿ. ಊರ ಪುರಾಣಗಳನ್ನು ನಾವು ಸಾವಿರ ವರ್ಷ ನಿಂತುಕೊಂಡೇ ಕೇಳಿದ್ದೇವೆ. ಅವರು ಎರಡು ಗಂಟೆ ಕೂತು ನಮ್ಮದನ್ನು ಕೇಳಲಿ.