ತುಕ್ಕು ತೆಗೆಯಬೇಕು, ಗುರುತು ಉಳಿಯಬೇಕು

ಹಿರಿಯರಿಂದ ಬಂದ ವಸ್ತುವೊಂದನ್ನು ಹೊಸದರಂತೆ ಹೊಳೆಯಿಸುವುದು ಅದಕ್ಕೆ ಸಲ್ಲಿಸುವ ಗೌರವವೇ, ಅಥವಾ ಅದರ ಬದುಕನ್ನೇ ಅಳಿಸಿಬಿಡುವ ಆತುರವೇ? ಕೊಡಗಿನ ಹಳೆಯ ಮನೆಗಳಲ್ಲಿರುವ ಕೋವಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳೋಣ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಪರವಾನಗಿಯಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅಲ್ಲಿ ಕೋವಿ ಬರಿಯ ಆಯುಧವಲ್ಲ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದ ನಾಲಗೆ ಅದು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಆದರೆ ಹಬ್ಬಕ್ಕೆ ಮುಂಚಿನ ತಿಂಗಳುಗಳ ಮಳೆ ಕಬ್ಬಿಣವನ್ನು ಬಿಡುವುದಿಲ್ಲ. ತೇವಕ್ಕೆ ನಳಿಗೆ ಕೆಂಪಾಗುತ್ತದೆ.

ಆಗ ಮನೆಯ ಯುವಕನ ಮುಂದೆ ಎರಡು ದಾರಿಗಳಿರುತ್ತವೆ. ಸ್ಯಾಂಡ್ ಪೇಪರ್ ಹಿಡಿದು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜುವುದು ಒಂದು. ಇದು ಬೇಗ ಮುಗಿಯುತ್ತದೆ. ಆದರೆ ತುಕ್ಕಿನೊಡನೆ ಅಂಚುಗಳ ಚೂಪು, ಕೆತ್ತನೆಯ ಗೆರೆ, ತಯಾರಕನ ಹೆಸರು ಎಲ್ಲವೂ ಸವೆಯುತ್ತವೆ. ಮತ್ತೆ ಬರಿದಾದ ಉಕ್ಕು ಮುಂದಿನ ಮಳೆಗೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ.

ಇನ್ನೊಂದು ದಾರಿ ನಿಧಾನದ್ದು. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಜಿಡ್ಡನ್ನು ತೆಗೆದು, ಉಕ್ಕಿನ ಮೇಲೆ ತೆಳುವಾದ ತುಕ್ಕನ್ನು ಬೇಕೆಂದೇ ಬರಿಸಿ, ನೀರಿನಲ್ಲಿ ಕುದಿಸುತ್ತಾರೆ. ಕೆಂಪು ತುಕ್ಕು ಕಪ್ಪಾಗುತ್ತದೆ. ಸಡಿಲವಾದ ಪುಡಿಯನ್ನು ಮೆಲ್ಲನೆ ಒರಸಿ, ಇದನ್ನೇ ಹಲವು ಬಾರಿ ಮಾಡಿ, ಕೊನೆಗೆ ಎಣ್ಣೆ ಸವರುತ್ತಾರೆ. ಕೆಂಪೂ ಕಪ್ಪೂ ಎರಡೂ ಕಬ್ಬಿಣ ಮತ್ತು ಆಮ್ಲಜನಕದ ಸಂಯೋಗಗಳೇ. ಒಂದು ಉದುರುತ್ತಾ ಲೋಹವನ್ನು ತಿನ್ನುತ್ತದೆ. ಇನ್ನೊಂದು ಅಂಟಿಕೊಂಡು, ಎಣ್ಣೆಯನ್ನು ಹಿಡಿದಿಟ್ಟು, ಲೋಹವನ್ನು ಕಾಯುತ್ತದೆ. ಕೆಡಿಸುವುದನ್ನೇ ಕಾಯುವುದಾಗಿ ಮಾರ್ಪಡಿಸಿದ್ದು ತಾಳ್ಮೆ.

ಕಾನೂನು ಕೂಡ ಇಲ್ಲಿ ಒಂದು ಗೆರೆ ಎಳೆದಿದೆ. ಕೋವಿಯ ಮೇಲೆ ಅಚ್ಚೊತ್ತಿದ ಹೆಸರು, ಸಂಖ್ಯೆ, ಗುರುತುಗಳನ್ನು ಯಾರೂ ಅಳಿಸಬಾರದು, ತಿದ್ದಬಾರದು ಎನ್ನುತ್ತದೆ 1959ರ ಆಯುಧ ಕಾಯ್ದೆ. ಯಾವ ಕೋವಿ ಏನು ಮಾಡಿತು ಎಂಬುದಕ್ಕೆ ಉತ್ತರ ಹೇಳುವವರು ಇರಬೇಕಲ್ಲವೇ?

ಈ ಮಾತು ಲೋಹಕ್ಕಷ್ಟೇ ಸಲ್ಲುವುದಿಲ್ಲ. ಅಜ್ಜ ಹುಲಿ ಹೊಡೆದದ್ದನ್ನು ಒಂದು ಕಾಲ ಮೆರವಣಿಗೆ ಮಾಡಿ ಕೊಂಡಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಅದೇ ಕೃತ್ಯ ಅಪರಾಧ. ಆ ಕಥೆಯನ್ನು ಮೊಮ್ಮಕ್ಕಳಿಗೆ ಹೇಗೆ ಹೇಳುವುದು? ಮುಚ್ಚಿಡುವುದು ಸ್ಯಾಂಡ್ ಪೇಪರಿನ ದಾರಿ. ಹಾಗೆಯೇ ಬಿಟ್ಟು ಹಳೆಯ ಹೆಮ್ಮೆಯನ್ನೇ ಬೆಳೆಸುವುದು ತುಕ್ಕಿನ ದಾರಿ. ನಡೆದದ್ದನ್ನು ನಡೆದಂತೆಯೇ ಹೇಳಿ, "ನಾವು ಹಾಗೆ ಮಾಡೆವು" ಎಂದು ಸೇರಿಸುವುದು ಮೂರನೆಯ ದಾರಿ. ಅದು ಕಷ್ಟದ್ದು, ಆದರೆ ಹಿರಿಯರನ್ನು ಪ್ರೀತಿಸಲು ಅವರನ್ನು ನಿರ್ದೋಷಿಗಳೆಂದು ತೋರಿಸಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ಕೋವಿ ಇಲ್ಲದಿರಬಹುದು. ಹಳೆಯ ಜಮೀನು ವ್ಯಾಜ್ಯವೋ, ಅಣ್ಣತಮ್ಮಂದಿರ ಮುನಿಸೋ, ಯಾರೂ ಬಾಯಿಬಿಡದ ಒಂದು ಹೆಸರೋ ಇದ್ದೇ ಇರುತ್ತದೆ. ಅದನ್ನು ಉಜ್ಜಿ ಅಳಿಸುವ ಮುನ್ನ ಮನೆಯ ಹಿರಿಯರೊಬ್ಬರ ಬಳಿ ಕುಳಿತು ಕೇಳಿರಿ. ಕೊಳೆ ಯಾವುದು, ಗುರುತು ಯಾವುದು ಎಂದು ತಿಳಿದ ಮೇಲೆಯೇ ಕೈ ಹಾಕಿರಿ.