ಹಾಳೆಯ ಮಡಿ, ಬರಹದ ಮೈಲಿಗೆ

ಇಂದಿನ ಅಲ್ಜೀರಿಯಾಕ್ಕೆ ಸೇರಿದ ತ್ಲೆಮ್ಸೆನ್ ಊರಿನ ಧರ್ಮಶಾಸ್ತ್ರಜ್ಞ ಇಬ್ನ್ ಮರ್ಜೂಕರು 1409ರಲ್ಲಿ ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಬೇಕಾಯಿತು: ಕ್ರೈಸ್ತರು ತಯಾರಿಸಿದ ಕಾಗದದ ಮೇಲೆ ಮುಸ್ಲಿಮರು ಧರ್ಮದ ಮಾತು ಬರೆಯಬಹುದೇ? ಉತ್ತರ ಆಫ್ರಿಕಾದ ಪೇಟೆಗಳಿಗೆ ಇಟಲಿಯ ಕಾಗದ ನುಗ್ಗಿದ್ದ ಕಾಲವದು. ಬೆಳಕಿಗೆ ಹಿಡಿದರೆ ಹಾಳೆಯ ಒಡಲಲ್ಲಿ ಶಿಲುಬೆಯೋ ಪ್ರಾಣಿಯ ಆಕಾರವೋ ಕಾಣುತ್ತಿತ್ತು.

ಪುಸ್ತಕ ಕಟ್ಟುವುದು ನನ್ನ ಕಸುಬು. ಆ ಪ್ರಶ್ನೆ ನನಗೆ ದೂರದ್ದಲ್ಲ. ಸ್ತೋತ್ರದ ಪುಸ್ತಕ ತರುವವರು ಇಂದಿಗೂ ಕೇಳುತ್ತಾರೆ: "ಅಂಟು ಯಾವುದು ಹಾಕ್ತೀರಿ?" ಮೈದಾ ಕುದಿಸಿ ಮೈಲುತುತ್ತ ಬೆರೆಸಿದ್ದು ಎಂದರೆ ಸಮಾಧಾನ. ಹಾಳೆಯ ಕುಲ ಮಾತ್ರ ಯಾರೂ ಕೇಳುವುದಿಲ್ಲ.

ಇಟಲಿಯ ಫ್ಯಾಬ್ರಿಯಾನೊ ಊರಿನ ಹಾಳೆಯ ಹುಟ್ಟು ಕೇಳಿದರೆ ಮಡಿವಂತರು ಬೆಚ್ಚಿಯಾರು. ಉಟ್ಟು ಬಿಟ್ಟ ಬಟ್ಟೆಯ ಚಿಂದಿ ಕೊಳೆಸಿ, ನೀರಿನ ಬಲದಲ್ಲಿ ಏಳುವ ಒನಕೆಗಳಿಂದ ಕುಟ್ಟಿ, ಆ ರಸವನ್ನು ತಂತಿಯ ಜಾಲರಿಯಲ್ಲಿ ಎತ್ತುತ್ತಿದ್ದರು. ಜಾಲರಿಗೆ ಹೊಲಿದ ತಂತಿಯ ಚಿತ್ರವಿದ್ದ ಕಡೆ ಹಾಳೆ ತೆಳ್ಳಗಾಗುತ್ತಿತ್ತು, ಅದೇ ವಾಟರ್‌ಮಾರ್ಕ್. ಅರಬರು ಹಾಳೆಗೆ ಗಂಜಿ ಹಾಕುತ್ತಿದ್ದರು; ಇವರು ಪ್ರಾಣಿಯ ಚರ್ಮದ ಚೂರು ಕುದಿಸಿದ ಅಂಟಿನಲ್ಲಿ ಅದ್ದಿದರು. ಹಾಳೆ ಗಟ್ಟಿಯಾಯಿತು, ಶಾಯಿ ಹರಡದಾಯಿತು.

ಇಬ್ನ್ ಮರ್ಜೂಕರು ಬರೆಯಬಹುದು ಎಂದರು. ಮೇಲೆ ಬರೆದಾಗ ಆ ಗುರುತು ಅಡಗುತ್ತದೆ, ಅಸತ್ಯದ ಜಾಗಕ್ಕೆ ಸತ್ಯ ಬರುತ್ತದೆ ಎಂಬುದು ಅವರ ವಾದದ ತಿರುಳು. ವೆನಿಸ್ಸಿನ ವರ್ತಕರದು ಬೇರೆ ದಾರಿ. ಮುಂದೆ ಅವರು ಒಟ್ಟೋಮನ್ ಪೇಟೆಗೆ ಮೂರು ಅರ್ಧಚಂದ್ರಗಳ ಗುರುತಿನ 'ತ್ರೆ ಲೂನೆ' ಕಾಗದ ಕಳಿಸಿದರು. ಗುರುತು ಬದಲಾಯಿತು, ಅಂಟು ಅದೇ ಉಳಿಯಿತು.

ಚರ್ಮ ಕೊಟ್ಟ ಪ್ರಾಣಿಗೆ ಇದರಿಂದೇನು ಬಂತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅದು ದಯೆಯ ಪ್ರಶ್ನೆ, ಮಡಿಯದಲ್ಲ. ಎರಡನ್ನೂ ಕಲಸಿದಾಗ ಪ್ರಾಣಿಯ ನೋವು ಮರೆತುಹೋಗಿ, ಅದನ್ನು ಮುಟ್ಟಿದವರ ಜಾತಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ನಾನು ಶಾಸ್ತ್ರಜ್ಞರ ಕಡೆ. ಅವರ ಉತ್ತರ ಉದಾರವಾಗಿ ಕಂಡರೂ ಅಷ್ಟೇ ಕಠಿಣ. ಬರಹದಿಂದ ಹಾಳೆಗೆ ಶುದ್ಧಿ ಬರುವುದಾದರೆ ಮೈಲಿಗೆಯೂ ಬರಹದಿಂದಲೇ ಬರಬೇಕು. ಸುಳ್ಳು ಸಾಲಪತ್ರಕ್ಕೆ ಎಂಥ ಮಡಿ ಕಾಗದ ತಂದರೂ ಅದು ಮೈಲಿಗೆಯೇ. ಆ ದೋಷ ಕಾಗದ ಮಾಡಿದವನಿಗೆ ತಟ್ಟುವುದಿಲ್ಲ, ಬರೆದವನಿಗೆ ತಟ್ಟುತ್ತದೆ.